ಪಿ.ಬಿ. ರಸ್ತೆಯ ಮೇಲೆ ಎರಡು ಯಂತ್ರಬುದ್ಧಿಗಳು

ಪುಣೆಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯನ್ನು ಸರಕಾರದ ದಾಖಲೆಗಳು ಮೊದಲು 4 ಎಂದೂ ಈಗ 48 ಎಂದೂ ಗುರುತಿಸುತ್ತಿರುವುದಾದರೂ ಹುಬ್ಬಳ್ಳಿ-ಧಾರವಾಡದವರ ಬಾಯಲ್ಲಿ ಅದು ಇಂದಿಗೂ ಪಿ.ಬಿ. ರೋಡೇ. ಈ ರಸ್ತೆಯು ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಯ ಕಡೆಗೆ ಇಳಿಯುವಾಗ ಎರಡು ಭೂಗುಣಗಳ ಗಡಿಯ ಮೇಲೆ ಓಡುತ್ತದೆ: ಪಡುವಲಿಗೆ ಮಲ್ಲಾಡದ ಕೆಂಪು ಮಣ್ಣು, ಮೂಡಲಿಗೆ ನವಲಗುಂದ-ಅಣ್ಣಿಗೇರಿಗಳತ್ತ ಹಬ್ಬಿರುವ ಬೆಳವಲದ ಎರೆ. ಬೇಸಗೆಯಲ್ಲಿ ಕೆಂಪು ಧೂಳು, ಮುಂಗಾರಿನಲ್ಲಿ ಕಪ್ಪು ರಾಡಿ, ಸುಗ್ಗಿಯಲ್ಲಿ ಡಾಂಬರಿನ ಮೇಲೆಯೇ ಹರವಿದ ಹುರುಳಿಯ ಬಳ್ಳಿ, ಚಳಿಗಾಲದ ರಾತ್ರಿಗಳಲ್ಲಿ ಹಿಂದೀಪವಿಲ್ಲದೆ ತೆವಳುವ ಕಬ್ಬಿನ ಟ್ರ್ಯಾಕ್ಟರು, ಹೀಗೆ ಋತುವಿಗೊಂದು ಸ್ವಭಾವವನ್ನು ತಳೆಯುವ ಈ ಪ್ರದೇಶದ ರಸ್ತೆಗಳ ಮೇಲೆ ಇನ್ನೂರು ಅಶ್ವಶಕ್ತಿಯನ್ನು ಮೀರಿದ ಕಾರುಗಳು ಕಾಣಿಸಿಕೊಳ್ಳತೊಡಗಿ ಬಹಳ ಕಾಲವೇನೂ ಆಗಿಲ್ಲ. 2017ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಎಂಬ ಕಾರು, ನೋಟಕ್ಕೆ ಸಂಸಾರಸ್ಥರ ವಾಹನವೇ ಆಗಿದ್ದರೂ, 230 ಅಶ್ವಶಕ್ತಿಯನ್ನು ಕೇವಲ ಮುಂದಿನ ಎರಡು ಗಾಲಿಗಳಿಗೆ ಹಂಚುವ ಯಂತ್ರವಾಗಿತ್ತೆಂಬುದನ್ನು ಕಾರುಪ್ರಿಯರು ಬಲ್ಲರು.

ಇಂಥ ಕಾರಿನ ಒಡೆಯನಿಗೆ ಕೊಳ್ಳುವ ದಿನವೇ ಎರಡು ವಿಶೇಷ ಸೌಕರ್ಯಗಳ ವರ್ಣನೆ ಕಿವಿಗೆ ಬೀಳುತ್ತದೆ. ಒಂದು ಟ್ರ್ಯಾಕ್ಷನ್ ಕಂಟ್ರೋಲ್, ಅಂದರೆ ಗಾಲಿ ನೆಲದ ಹಿಡಿತವನ್ನು ಕಳೆದುಕೊಂಡು ವ್ಯರ್ಥವಾಗಿ ತಿರುಗದಂತೆ ತಡೆಯುವ ಏರ್ಪಾಡು. ಇನ್ನೊಂದು ಕ್ರೂಸ್ ಕಂಟ್ರೋಲ್, ಅಂದರೆ ಎಕ್ಸಲರೇಟರಿನ ಮೇಲಿನ ಪಾದವನ್ನು ತೆಗೆದರೂ ನಿಗದಿಪಡಿಸಿದ ವೇಗವನ್ನು ಕಾಪಾಡಿಕೊಂಡು ಹೋಗುವ ಏರ್ಪಾಡು. ಒಂದೇ ಕರಪತ್ರದ ಒಂದೇ ಪುಟದಲ್ಲಿ ಅಚ್ಚಾಗುವುದರಿಂದಲೋ ಏನೋ, ಇವೆರಡನ್ನೂ ಒಂದೇ ಜಾತಿಯ ಉಪಕಾರಗಳೆಂದು ಭಾವಿಸುವವರೇ ಹೆಚ್ಚು. ನನ್ನ ತಿಳಿವಳಿಕೆಯಂತೆ ಅವುಗಳ ಮನೋಧರ್ಮಗಳೇ ಬೇರೆ. ಮೊದಲನೆಯದು ಮುಂದಿನ ಕ್ಷಣದ ನೆಲವನ್ನು ಎಂದೂ ನಂಬುವುದಿಲ್ಲ. ಎರಡನೆಯದು, ಮುಂದಿನ ಕ್ಷಣದ ನೆಲವೂ ಈ ಕ್ಷಣದ ನೆಲದಂತೆಯೇ ಇರುವುದೆಂದು ಗೃಹೀತ ಹಿಡಿದೇ ಹೊರಡುತ್ತದೆ. ನಮ್ಮ ಭಾಗದ ರಸ್ತೆಗಳಲ್ಲಿ ಯಾವುದಕ್ಕೆ ಎಷ್ಟು ಅಧಿಕಾರವನ್ನು ಕೊಡಬೇಕೆಂಬುದೇ ಇಲ್ಲಿನ ವಿಚಾರ.

ಗಾಲಿಗೂ ನೆಲಕ್ಕೂ ಇರುವ ಸಂಬಂಧ ಅತ್ಯಲ್ಪವಾದದ್ದು. ಒಂದೂವರೆ ಟನ್ನಿನ ಕಾರು ನಿಂತಿರುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳ ಮೇಲೆ. ಓಡುವ, ನಿಲ್ಲುವ, ತಿರುಗುವ ಸಕಲ ಬಲವೂ ಆ ತುಣುಕುಗಳ ಮೂಲಕವೇ ಹರಿಯಬೇಕು. ಜಾರುವಿಕೆ ಪೂರ್ಣ ಅನಿಷ್ಟವೆಂದು ನಾವು ತಿಳಿಯುತ್ತೇವಾದರೂ, ರಬ್ಬರು ತುಸುವೂ ಜಾರದೆ ಬಲವನ್ನು ನೆಲಕ್ಕೆ ಊಡಲಾರದು. ಗಾಲಿಯ ಅಂಚಿನ ವೇಗವು ಕಾರಿನ ವೇಗಕ್ಕಿಂತ ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ಹೆಚ್ಚಾಗಿರುವಾಗ ಡಾಂಬರಿನ ಮೇಲೆ ಹಿಡಿತವು ಪರಮಾವಧಿಯನ್ನು ಮುಟ್ಟುತ್ತದೆ. ಅದನ್ನು ದಾಟಿದೊಡನೆ ಹಿಡಿತ ಕುಸಿಯತೊಡಗಿ, ಗಾಲಿ ವ್ಯರ್ಥವಾಗಿ ತಿರುಗಿ, ಕಾರನ್ನು ಮುಂದಕ್ಕೆ ಒಯ್ಯುವ ಬಲ ಕುಗ್ಗುತ್ತದೆ. ಅಲ್ಲದೆ, ಒಂದು ಟಯರಿಗೆ ದೊರೆಯುವ ಒಟ್ಟು ಹಿಡಿತವು ಓಟಕ್ಕೂ ತಿರುವಿಗೂ ಸಮಾನವಾಗಿ ಸೇರಿದ ಆಸ್ತಿ. ಆದುದರಿಂದ, ಉಣಕಲ್ಲಿನ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿರುವಾಗಲೇ ಎಕ್ಸಲರೇಟರನ್ನು ಅದುಮಿದವನು, ತಿರುವಿಗೆ ಬೇಕಾದ ಪಾಲನ್ನು ಓಟಕ್ಕೆ ಖರ್ಚು ಮಾಡಿ, ಕಾರು ತಿರುಗದೆ ನೇರವಾಗಿ ಅಂಚಿನತ್ತ ಜರುಗುವುದನ್ನು ಕಾಣುತ್ತಾನೆ. ಮುಂದಿನ ಗಾಲಿಗಳಿಂದ ನಡೆಯುವ ಬಲಿಷ್ಠ ಕಾರುಗಳಲ್ಲಿ ಇನ್ನೊಂದು ವಿಪರ್ಯಾಸವೂ ಇದೆ: ವೇಗವನ್ನು ಏರಿಸುವಾಗ ಕಾರಿನ ಭಾರವು ಹಿಂದಕ್ಕೆ ವಾಲುತ್ತದೆ, ಹಾಗಾಗಿ ಬಲ ಬೇಕಾದ ಮುಂದಿನ ಗಾಲಿಗಳೇ ಆ ಹೊತ್ತಿನಲ್ಲಿ ಹಗುರಾಗಿರುತ್ತವೆ.

ಈ ಲೆಕ್ಕವನ್ನು ಸೆಕೆಂಡಿಗೆ ಅನೇಕ ಬಾರಿ ಮಾಡುತ್ತಿರುವುದೇ ಟ್ರ್ಯಾಕ್ಷನ್ ಕಂಟ್ರೋಲಿನ ಕಾರ್ಯ. ಪ್ರತಿ ಗಾಲಿಯ ಬುಡದಲ್ಲಿಯೂ ತಿರುಗುವ ವೇಗವನ್ನು ಅಳೆಯುವ ಸೆನ್ಸರೊಂದು ಕುಳಿತಿರುತ್ತದೆ. ಇದು ಬ್ರೇಕು ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆಯದೇ ಅಂಗ. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಬಂದಿತು; ಅದೇ ಸೆನ್ಸರುಗಳನ್ನು ತಲೆಕೆಳಗಾಗಿ ಬಳಸಿ, ನಿಲ್ಲುವಾಗಿನ ಜಾರಿಕೆಯ ಬದಲು ಹೊರಡುವಾಗಿನ ಜಾರಿಕೆಯನ್ನು ತಡೆಯುವ ವಿದ್ಯೆ ಎಂಬತ್ತರ ದಶಕದಲ್ಲಿಯೇ ಬೆಳೆಯಿತು; 1995ರ ಹೊತ್ತಿಗೆ ಕಾರು ಅಡ್ಡಡ್ಡ ಸರಿಯುವುದನ್ನೂ ತಡೆಯುವ ಇಎಸ್‌ಪಿ ಹುಟ್ಟಿತು. ಒಂದು ಗಾಲಿ ಉಳಿದವುಗಳಿಗಿಂತ ಅತಿಯಾಗಿ ತಿರುಗುವುದನ್ನು ಕಂಡೊಡನೆ ಈ ವ್ಯವಸ್ಥೆಯು ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆ, ಅಥವಾ ಆ ಗಾಲಿಯೊಂದಕ್ಕೇ ಬ್ರೇಕು ಹಾಕಿ, ಎರಡು ಗಾಲಿಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲ್ಲಿನ ಮೂಲಕ, ವ್ಯರ್ಥವಾಗುತ್ತಿದ್ದ ಬಲವನ್ನು ನೆಲ ಹಿಡಿದಿರುವ ಜೋಡಿ ಗಾಲಿಯ ಕಡೆಗೆ ಹೊರಳಿಸುತ್ತದೆ. ಆಗ ಮುಂದಿನ ಫಲಕದಲ್ಲಿ, ಕಾರಿನ ಹಿಂದೆ ಸೊಟ್ಟ ಗೆರೆಗಳೆರಡು ಇರುವ ಹಳದಿ ದೀಪವು ಮಿಣುಕುತ್ತದೆ. ಮಿಣುಕಿದರೆ ವ್ಯವಸ್ಥೆ ದುಡಿಯುತ್ತಿದೆಯೆಂದೂ, ಸ್ಥಿರವಾಗಿ ಉರಿದರೆ ಅದು ಬಂದ್ ಆಗಿದೆ ಇಲ್ಲವೆ ಕೆಟ್ಟಿದೆಯೆಂದೂ ಅರ್ಥ. ಈ ಸಣ್ಣ ಭೇದವನ್ನು ಅರಿಯದೆ ವರ್ಷಗಟ್ಟಲೆ ಕಾರು ಓಡಿಸಿದವರನ್ನು ನಾನು ಕಂಡಿದ್ದೇನೆ.

ಪಂದ್ಯದ ಜಗತ್ತು ಈ ಉಪಕರಣದ ವಿಷಯದಲ್ಲಿ ನಡೆದುಕೊಂಡ ರೀತಿ ಸ್ವಾರಸ್ಯಕರ. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಇದು ಚಾಲಕನ ಕೌಶಲವನ್ನು ಕಸಿಯುತ್ತದೆಂಬ ಕಾರಣಕ್ಕಾಗಿ 1994ರಿಂದ ನಿಷೇಧಿಸಿ, ಗುಟ್ಟಾಗಿ ಬಳಸುವವರನ್ನು ಹಿಡಿಯಲಾಗದೆ 2001ರಲ್ಲಿ ಮತ್ತೆ ಅನುಮತಿಸಿ, 2008ರಿಂದ ಮತ್ತೊಮ್ಮೆ ನಿಷೇಧಿಸಿದರು. ಇದನ್ನು ಕೇಳಿದ ನಮ್ಮ ತರುಣರು, ನಿಜವಾದ ಚಾಲಕನಿಗೆ ಇದು ಬೇಡವೆಂದು ತೀರ್ಮಾನಿಸಿ, ಕಾರು ಏರಿದೊಡನೆ ಮೊದಲು ಅದನ್ನು ಬಂದ್ ಮಾಡುವ ಗುಂಡಿಯನ್ನೇ ಒತ್ತುತ್ತಾರೆ. ಪಂದ್ಯದ ಮಾರ್ಗದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಪಕ್ಕದ ಹೊಲದಿಂದ ಎಮ್ಮೆ ಏರಿ ಬರುವುದಿಲ್ಲ ಎಂಬುದು ಅವರಿಗೆ ಹೊಳೆಯದಿರುವುದು ಆಶ್ಚರ್ಯ.

ಆದರೂ ಆ ಗುಂಡಿಯನ್ನು ಕಂಪನಿಯವರು ಸುಮ್ಮನೆ ಇಟ್ಟಿಲ್ಲ. ಅದರ ಸದುಪಯೋಗವನ್ನು ತಿಳಿಯಬೇಕಾದರೆ ನಮ್ಮ ಬೆಳವಲಕ್ಕೇ ಹೋಗಬೇಕು. ಎರೆಯ ಗುಣ ವಿಚಿತ್ರವಾದದ್ದು. ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣು, ನೀರು ಕುಡಿದೊಡನೆ ಉಬ್ಬಿ, ಟಯರಿನ ಹಲ್ಲುಗಳ ಸಂದುಗಳನ್ನೆಲ್ಲ ತುಂಬಿ, ಗಾಲಿಯನ್ನು ನುಣುಪಾದ ಕಪ್ಪು ಉಂಡೆಯನ್ನಾಗಿ ಮಾಡುತ್ತದೆ. ನನ್ನ ಅಣ್ಣನ ಮಗನೊಡನೆ ಒಂದು ಮಳೆಗಾಲದಲ್ಲಿ ನವಲಗುಂದದ ಕಡೆಯ ಹೊಲದ ದಾರಿಗೆ ಇಳಿದಾಗ ಆದದ್ದೂ ಅದೇ. ಅವನು ಎಕ್ಸಲರೇಟರನ್ನು ಒತ್ತಿದಷ್ಟೂ ಹಳದಿ ದೀಪ ಮಿಣುಕಿ ಎಂಜಿನ್ನಿನ ಉಸಿರು ಅಡಗುತ್ತಿತ್ತು. ಗಾಲಿ ಜಾರುವುದೇ ತಪ್ಪೆಂದು ಬಗೆಯುವ ವ್ಯವಸ್ಥೆಯು, ಜಾರದ ಹೊರತು ಬಿಡುಗಡೆಯೇ ಇಲ್ಲದ ರಾಡಿಯಲ್ಲಿ ನಮ್ಮನ್ನು ಇದ್ದಲ್ಲಿಯೇ ಇರಿಸಿತ್ತು. "ಕಾಕಾ, ಗಾಡಿ ದಮ್ಮ ಹಿಡಿದಂಗಾಗೇತಿ, ಏನ ಒತ್ತಿದ್ರೂ ಎದ್ದೇಳವಲ್ದು" ಎಂದ. ಹೊಲದೊಡೆಯರಾದ ಹಿರಿಯರು ಬದುವಿನ ಮೇಲೆ ನಿಂತು ನೋಡುತ್ತಿದ್ದವರು, "ತಮ್ಮಾ, ನಮ್ಮ ಟ್ರ್ಯಾಕ್ಟರ್ ಗಾಲಿ ಗಿರ್ರ ಅಂತ ತಿರುಗಿ ಮಣ್ಣು ಉಗುಳತೈತಿ, ಆಮ್ಯಾಲೆ ಹೊಂಡತೈತಿ, ನಿಂದು ತಿರಗೂದ ಬಿಟ್ಟೈತಲ್ಲ" ಎಂದರು. ಯಂತ್ರಶಾಸ್ತ್ರದ ಗ್ರಂಥವೂ ಹೇಳುವುದು ಇದನ್ನೇ: ಕೆಸರು, ಮರಳು, ಸಡಿಲ ಗರಸುಗಳಲ್ಲಿ ಗಾಲಿಯು ಧಾರಾಳವಾಗಿ ತಿರುಗಿ, ಮೇಲ್ಪದರವನ್ನು ಕಿತ್ತೆಸೆದು, ಕೆಳಗಿನ ಗಟ್ಟಿ ನೆಲವನ್ನು ಕಚ್ಚಬೇಕು. ಗುಂಡಿಯನ್ನು ಒತ್ತಿ ವ್ಯವಸ್ಥೆಯನ್ನು ಬಂದ್ ಮಾಡಿ, ಎರಡನೆಯ ಗೇರಿನಲ್ಲಿ ಮೆಲ್ಲಗೆ ಬಲ ಕೊಟ್ಟಾಗ ಕಾರು ಹೊರಗೆ ಬಂದಿತು. ಡಾಂಬರನ್ನು ಮುಟ್ಟಿದ ಮೇಲೆ ಅದನ್ನು ಮತ್ತೆ ಚಾಲೂ ಮಾಡಬೇಕೆಂಬುದು ಈ ವಿಧಿಯ ಅವಿಭಾಜ್ಯ ಭಾಗ.

ಸುಗ್ಗಿಯ ಕಾಲದ ಒಕ್ಕಣೆ ಇನ್ನೊಂದು ಪರೀಕ್ಷೆ. ಕಣ ಮಾಡುವ ಪರಿಪಾಠ ತಪ್ಪಿದ ಮೇಲೆ ನಮ್ಮ ರೈತರು ಹುರುಳಿಯ ಬಳ್ಳಿ, ತೊಗರಿಯ ಗಿಡ ಮೊದಲಾದವುಗಳನ್ನು ರಸ್ತೆಯ ಮೇಲೆಯೇ ಹರವಿ, ಹಾದುಹೋಗುವ ವಾಹನಗಳಿಂದ ಪುಕ್ಕಟೆಯಾಗಿ ತುಳಿಸಿಕೊಳ್ಳುತ್ತಾರೆ. ಬಡ ಒಕ್ಕಲಿಗನ ಈ ಯುಕ್ತಿಯನ್ನು ಬೈಯಲು ನನ್ನ ಮನಸ್ಸು ಒಪ್ಪದಾದರೂ, ದುಂಡಗಿನ ಕಾಳು ಮತ್ತು ನುಣುಪಾದ ಹೊಟ್ಟುಗಳ ಮೇಲೆ ಟಯರಿನ ಹಿಡಿತವು ಎಷ್ಟು ಕೆಡುವುದೆಂಬುದನ್ನು ಮುಚ್ಚಿಡಲಾಗದು. ಇಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಅವಶ್ಯ ಇರಬೇಕು, ಕ್ರೂಸ್ ಖಂಡಿತ ಇರಬಾರದು, ಬ್ರೇಕನ್ನು ಒಮ್ಮೆಲೇ ತುಳಿಯಬಾರದು. ನೆಲಕ್ಕೆ ಸಮೀಪವಾಗಿ ಕಟ್ಟಿದ ಬಲಿಷ್ಠ ಕಾರುಗಳ ಅಡಿಯಲ್ಲಿ ಒಣಬಳ್ಳಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳುವ ಅಪಾಯವೂ ಉಂಟು. ಒಕ್ಕಣೆಯನ್ನು ದಾಟಿದ ಬಳಿಕ ಬದಿಗೆ ನಿಲ್ಲಿಸಿ ಒಮ್ಮೆ ಬಗ್ಗಿ ನೋಡುವುದು ಲೇಸು.

ಇನ್ನು ಕ್ರೂಸ್ ಕಂಟ್ರೋಲಿನ ವಂಶಾವಳಿ. ಹಳ್ಳಿಯ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನನ್ನು ಕಂಡವರು ಅದರ ಮೂಲಪುರುಷನನ್ನು ಕಂಡಂತೆಯೇ. ಜೋಳವನ್ನು ಸುರಿದೊಡನೆ ಎಂಜಿನ್ ಒಂದು ಕ್ಷಣ ಕುಗ್ಗಿ, ತಾನಾಗಿಯೇ ಮತ್ತೆ ಹಳೆಯ ಲಯವನ್ನು ಹಿಡಿಯುತ್ತದಲ್ಲವೆ? ಅದು ಗವರ್ನರಿನ ಕೆಲಸ. ಗಾಳಿಗಿರಣಿಗಳ ಬೀಸುವ ಕಲ್ಲುಗಳಿಗೆ ಮೊದಲೇ ಬಳಕೆಯಲ್ಲಿದ್ದ ಈ ತತ್ತ್ವವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ. 1868ರಲ್ಲಿ ಮ್ಯಾಕ್ಸ್‌ವೆಲ್ ಅದರ ಗಣಿತವನ್ನು ಬರೆದ. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರನ್ನು ಹೊತ್ತ ಎಂಜಿನ್ನುಗಳ ಮೂಲಕ ಆ ವಾಟನ ವಿದ್ಯೆ ಕರ್ನಾಟಕದ ಅಸಂಖ್ಯ ಗಿರಣಿಗಳನ್ನೂ ಬಾವಿಯ ಪಂಪುಗಳನ್ನೂ ನಡೆಸಿತು.

ಅದರಿಂದ ಕಾರಿನ ಇಂದಿನ ಕ್ರೂಸ್ ಕಂಟ್ರೋಲನ್ನು ರೂಪಿಸಿದವನು ಕಾರು ಓಡಿಸಲಾರದ ಮನುಷ್ಯನೆಂಬುದು ಚರಿತ್ರೆಯ ಒಂದು ಸೋಜಿಗ. ಅಮೆರಿಕೆಯ ಇಂಡಿಯಾನಾ ಪ್ರಾಂತದ ರಾಲ್ಫ್ ಟೀಟರ್ ಐದನೆಯ ವಯಸ್ಸಿನಲ್ಲಿ ಅಪಘಾತದಿಂದ ಕಣ್ಣುಗಳನ್ನು ಕಳೆದುಕೊಂಡವನು. ಆದರೂ ಎಂಜಿನಿಯರಿಂಗ್ ಪದವಿಯನ್ನು ಪಡೆದು, ಆ ದೇಶದ ಮೋಟಾರು ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷನೂ ಆದವನು. ಅವನನ್ನು ಕೂಡಿಸಿಕೊಂಡು ಕಾರು ಓಡಿಸುತ್ತಿದ್ದ ವಕೀಲರೊಬ್ಬರಿಗೆ ತಾವು ಮಾತನಾಡುವಾಗ ವೇಗವನ್ನು ಇಳಿಸುವ, ಕೇಳುವಾಗ ಏರಿಸುವ ಅಭ್ಯಾಸವಿತ್ತಂತೆ. ಕಣ್ಣಿಲ್ಲದ ಟೀಟರನಿಗೆ ಆ ಜಗ್ಗಾಟವು ಮೈಯಿಂದಲೇ ತಿಳಿದು ಬೇಸರ ತಂದಿತೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ರಬ್ಬರನ್ನೂ ಪೆಟ್ರೋಲನ್ನೂ ಉಳಿಸಲು ಅಲ್ಲಿನ ಸರಕಾರ ಗಂಟೆಗೆ 35 ಮೈಲಿಯ ಮಿತಿಯನ್ನು ಹೇರಿದ್ದುದೂ ಅವನ ಯೋಚನೆಗೆ ಇಂಬಾಯಿತು. 1950ರಲ್ಲಿ ಅವನಿಗೆ ಪೇಟೆಂಟ್ ದೊರೆತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ವೇಗದ ಚಪಲಕ್ಕಾಗಿ ಅಲ್ಲ, ವೇಗವನ್ನು ಒಂದು ಮಿತಿಯಲ್ಲಿ ನಿಲ್ಲಿಸುವುದಕ್ಕಾಗಿ ಹುಟ್ಟಿದ ಉಪಕರಣವಿದು.

ಬಲಿಷ್ಠ ಕಾರಿನಲ್ಲಿ ಇದರ ಉತ್ತಮೋತ್ತಮ ಉಪಯೋಗವೂ ಅದೇ ಎಂದು ನನ್ನ ಅಭಿಪ್ರಾಯ. ಅಂಥ ಕಾರು 100ರ ವೇಗದಲ್ಲಿಯೂ ನಿದ್ರಿಸುತ್ತಿರುವಂತೆ ಶಾಂತವಾಗಿರುವುದರಿಂದ ಚಾಲಕನ ಪಾದವು ಅವನಿಗೆ ಅರಿವಿಲ್ಲದೆಯೇ 120ಕ್ಕೆ, 130ಕ್ಕೆ ಜಾರುತ್ತದೆ. ಕೇಂದ್ರ ಸರಕಾರದ 2018ರ ಅಧಿಸೂಚನೆಯ ಪ್ರಕಾರ ಕಾರುಗಳ ಗರಿಷ್ಠ ವೇಗವು ವಿಭಜಕವುಳ್ಳ ಚತುಷ್ಪಥಗಳಲ್ಲಿ 100 ಕಿಲೋಮೀಟರು, ನಗರದ ಮಿತಿಯಲ್ಲಿಯೂ ಇತರ ರಸ್ತೆಗಳಲ್ಲಿಯೂ 70. ರಾಜ್ಯಗಳು ಇದಕ್ಕಿಂತ ಕಡಿಮೆ ಮಾಡಬಹುದು. ವರೂರನ್ನು ದಾಟಿ ಶಿಗ್ಗಾವಿಯತ್ತ, ಅಥವಾ ಕಿತ್ತೂರನ್ನು ಹಾಯ್ದು ಬೆಳಗಾವಿಯತ್ತ, ಒಣ ಹಗಲಿನಲ್ಲಿ, ಹೆದ್ದಾರಿಯ ಎಡಭಾಗವು ತೆರವಾಗಿರುವಾಗ 90ಕ್ಕೆ ಕ್ರೂಸ್ ಹಾಕಿ, ಪಾದವನ್ನು ಬ್ರೇಕಿನ ಸಮೀಪದಲ್ಲಿಯೇ ಇರಿಸಿಕೊಂಡು ಸಾಗಿದರೆ ಇಂಧನ ಉಳಿಯುತ್ತದೆ, ಮೊಣಕಾಲು ನೋಯುವುದಿಲ್ಲ, ದಂಡದ ಚೀಟಿ ಮನೆಗೆ ಬರುವುದಿಲ್ಲ.

ಮಳೆ ಬಂದೊಡನೆ ಈ ಸ್ನೇಹವನ್ನು ಮುರಿಯಬೇಕು. ರಸ್ತೆಯ ಮೇಲೆ ನಿಂತ ನೀರನ್ನು ಗಾಲಿ ಸೀಳುವಾಗ ಕಾರಿಗೆ ತಡೆಯುಂಟಾಗುತ್ತದೆ. ಪಾದದಿಂದ ಓಡಿಸುವವನು ಆ ತಡೆಯನ್ನು ಎಚ್ಚರಿಕೆಯೆಂದು ಗ್ರಹಿಸಿ ಬಲವನ್ನು ತಗ್ಗಿಸುತ್ತಾನೆ, ಕ್ರೂಸ್ ಅದನ್ನು ಏರುದಾರಿಯೆಂದು ತಿಳಿದು ಬಲವನ್ನು ಹೆಚ್ಚಿಸುತ್ತದೆ. ಬಲ ಹೆಚ್ಚಿ, ಹಿಡಿತ ತಪ್ಪಿ, ಗಾಲಿ ಜಾರಿದಾಗ ಟ್ರ್ಯಾಕ್ಷನ್ ಕಂಟ್ರೋಲ್ ಎಚ್ಚತ್ತು, ಬಹುತೇಕ ಕಾರುಗಳಲ್ಲಿ ಕ್ರೂಸನ್ನು ತಾನೇ ರದ್ದುಪಡಿಸುತ್ತದೆ. ಕಾರಿನ ಒಳಗೇ ಒಂದು ಬುದ್ಧಿ ಇನ್ನೊಂದರ ಆಜ್ಞೆಯನ್ನು ತಳ್ಳಿಹಾಕುವ ಈ ಏರ್ಪಾಡು ಒಳ್ಳೆಯದೇ. ಆದರೆ ಅದು ನಡೆಯುವುದು ಗಾಲಿ ಜಾರಿದ ಮೇಲೆ. ಇದಕ್ಕಿಂತ ಕುಟಿಲವಾದದ್ದು ಹಳೆಯ ವೇಗಕ್ಕೆ ಮರಳಿಸುವ ರಿಸ್ಯೂಮ್ ಗುಂಡಿ. ಟೋಲ್ ನಾಕೆಯಲ್ಲಿ ನಿಂತು ಹೊರಟು, 40ರಲ್ಲಿ ಇರುವಾಗ ಅದನ್ನು ಒತ್ತಿದರೆ, ಸಾಮಾನ್ಯ ಕಾರು ನಿಧಾನವಾಗಿ ಏರುತ್ತದೆ; ಬಲಿಷ್ಠ ಕಾರು ಎಂದೋ ಇಟ್ಟ 100ರ ನೆನಪಿನಿಂದ ಮುಂದಕ್ಕೆ ಧಾವಿಸಬಲ್ಲದು. ಪಾದದಿಂದಲೇ ವೇಗವನ್ನು ಕೂಡಿಸಿಕೊಂಡು ಹೊಸದಾಗಿ ಕ್ರೂಸ್ ಹಾಕುವುದೇ ಕ್ಷೇಮ. ಅಂಕೋಲೆಯ ದಾರಿಯ ಅರಬೈಲು ಘಟ್ಟದಂಥ ಇಳಿಜಾರಿನಲ್ಲಿಯಂತೂ ಈ ಯಂತ್ರದ ಮಾತನ್ನೇ ಮರೆತು, ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದಲೇ ಕಾರನ್ನು ಹಿಡಿಯಬೇಕು.

ಮುಂದಿನ ವಾಹನವನ್ನು ರಾಡಾರಿನಿಂದ ಅಳೆದು ತಾನಾಗಿಯೇ ನಿಧಾನಿಸುವ ನವೀನ ಕ್ರೂಸ್ ಬಂದಿದೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಓಡುತ್ತಿರುವ ಕಾರಿನ ಹಿಂದೆ ಅದು ಸಮರ್ಥವಾಗಿಯೇ ನಡೆದುಕೊಳ್ಳುತ್ತದೆ. ಆದರೆ ಸೇತುವೆ, ಫಲಕ, ಕಂಬಗಳನ್ನೆಲ್ಲ ಕಂಡು ಸುಮ್ಮಸುಮ್ಮನೆ ಬ್ರೇಕು ಹಾಕದಿರಲೆಂದು, ನಿಶ್ಚಲವಾಗಿರುವ ವಸ್ತುಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಇಂಥ ಅನೇಕ ವ್ಯವಸ್ಥೆಗಳನ್ನು ರೂಪಿಸಲಾಗಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರುಗಳ ಟ್ರ್ಯಾಕ್ಟರು ಪಂಕ್ಚರಾಗಿ, ದೀಪವಿಲ್ಲದೆ, ಹಿಂದೆ ನಾಲ್ಕು ಕಲ್ಲುಗಳನ್ನಿಟ್ಟು ಚಾಲಕನು ಊಟಕ್ಕೆ ಹೋಗಿರುವ ದೃಶ್ಯವನ್ನು ಆ ರಾಡಾರನ್ನು ರೂಪಿಸಿದವರು ಊಹಿಸಿರಲಾರರು.

ಸಂಖ್ಯೆಗಳು ನಿರ್ದಾಕ್ಷಿಣ್ಯವಾದವು. 100ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರು ಓಡುತ್ತದೆ. ಅಪಾಯವನ್ನು ಕಂಡು ಬ್ರೇಕು ತುಳಿಯಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 42 ಮೀಟರು ಕಳೆದಿರುತ್ತದೆ, ಒಣ ಡಾಂಬರಿನಲ್ಲಿ ನಿಲ್ಲಲು ಮತ್ತೆ ಐವತ್ತಕ್ಕೂ ಮಿಕ್ಕಿದ ಮೀಟರು ಬೇಕು, ಹಿಡಿತ ತೀರ ಕುಗ್ಗಿದ ಒದ್ದೆ ರಸ್ತೆಯಲ್ಲಿ ನೂರರ ಸಮೀಪ. ಟ್ರ್ಯಾಕ್ಷನ್ ಕಂಟ್ರೋಲ್ ಇದರಲ್ಲಿ ಒಂದು ಗೇಣನ್ನೂ ಕಡಿಮೆ ಮಾಡಲಾರದು; ಇರುವ ಹಿಡಿತವನ್ನು ಹಾಳುಮಾಡದಂತೆ ಕಾಯುವುದಷ್ಟೇ ಅದರ ಶಕ್ತಿ, ಇಲ್ಲದ ಹಿಡಿತವನ್ನು ಸೃಷ್ಟಿಸುವುದಲ್ಲ.

ನರೇಂದ್ರದಿಂದ ಗಬ್ಬೂರಿನವರೆಗಿನ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಕಥೆಯನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟು ಓದಬೇಕು. ಹೆದ್ದಾರಿಯ ಎರಡೂ ಕಡೆ ಚತುಷ್ಪಥವಾದ ಮೇಲೆಯೂ ಸುಮಾರು 30 ಕಿಲೋಮೀಟರಿನ ಈ ಭಾಗವು ಮಾತ್ರ ವಿಭಜಕವಿಲ್ಲದ ದ್ವಿಪಥವಾಗಿಯೇ ಉಳಿದಿತ್ತು. ವಿಶಾಲ ರಸ್ತೆಯ ವೇಗವನ್ನು ಹೊತ್ತು ಬಂದ ವಾಹನಗಳು ಇಲ್ಲಿ ಮುಖಾಮುಖಿಯಾಗುತ್ತಿದ್ದವು. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರಿಗೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ಈ ಊರುಗಳು ಮರೆತಿಲ್ಲ. ಆ ಬಳಿಕ ಷಟ್ಪಥದ ಕಾಮಗಾರಿ ಕೈಗೆತ್ತಿಕೊಳ್ಳಲ್ಪಟ್ಟಿತು. ಕಾಮಗಾರಿ ನಡೆಯುವ ಹೆದ್ದಾರಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುವ ತಾತ್ಕಾಲಿಕ ದಾರಿಗಳೂ, ಟಿಪ್ಪರುಗಳಿಂದ ಉದುರಿದ ಗರಸೂ, ಹೊಸ ಡಾಂಬರು ಮುಗಿದು ಹಳೆಯದು ಆರಂಭವಾಗುವ ಮೆಟ್ಟಿಲುಗಳೂ ಸಹಜ. ಇಂಥಲ್ಲಿ ಕ್ರೂಸ್ ಹಾಕುವವನಿಗೆ ನಾನು ಕಾರಿನ ಕೀಲಿಯನ್ನೇ ಕೊಡಲಾರೆ.

ಊರೊಳಗಿನ ಪಿ.ಬಿ. ರಸ್ತೆಯ ಮಾತು ಬೇಡ. ಅಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸುಗಳಿಗಷ್ಟೆ ತಮ್ಮದೇ ಆದ ದಾರಿಯುಂಟು, ಉಳಿದವರೆಲ್ಲ ಗೇರು ಬದಲಿಸುತ್ತ ಸಾಗುವುದೇ ಸರಿ.

ಹೀಗಾಗಿ, ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಡಾಂಬರಿನ ಮೇಲೆ ಟ್ರ್ಯಾಕ್ಷನ್ ಕಂಟ್ರೋಲ್ ಸದಾ ಚಾಲೂ ಇರಲಿ, ಎರೆಯಲ್ಲಿ ಹುದುಗಿದಾಗ ಮಾತ್ರ ಬಂದ್ ಆಗಲಿ; ಕ್ರೂಸ್ ಒಣ ಹಗಲಿನ, ವಿಭಜಕವುಳ್ಳ ಹೆದ್ದಾರಿಗೆ ಮಾತ್ರ ಮೀಸಲಾಗಲಿ. ಎರಡು ಬುದ್ಧಿಗಳಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ, ನಮ್ಮ ಭಾಗಕ್ಕೆ ನೆಲವನ್ನು ನಂಬದ ಟ್ರ್ಯಾಕ್ಷನ್ ಕಂಟ್ರೋಲೆಂಬ ಸಂಶಯಾತ್ಮವೇ ಮೇಲು. ಆದರೆ ಅದು ದುಡಿಯುವುದು ಟಯರಿನ ಮೂಲಕ. ಮುಂಗಾರು ಕಾಲಿಡುವ ಮುನ್ನ ನಾಲ್ಕೂ ಗಾಲಿಗಳ ಗಾಳಿಯನ್ನೂ ಹಲ್ಲಿನ ಆಳವನ್ನೂ ನೋಡಿಸಿಕೊಳ್ಳಿ, ಹಲ್ಲು 1.6 ಮಿಲಿಮೀಟರಿಗಿಂತ ಸವೆದ ಟಯರು, ಕಾರಿನ ಬೆಲೆ ಎಷ್ಟೇ ಲಕ್ಷವಾಗಿದ್ದರೂ, ನಮ್ಮ ದೇಶದ ಮೋಟಾರು ನಿಯಮದಂತೆ ರಸ್ತೆಗೆ ಅಯೋಗ್ಯ.